ಬೈಕ್ ಮೇಲೆ ವಾದ್ಯ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಕೂಸ್ಟಿಕ್ ಗಿಟಾರನ್ನು ಮೆತ್ತನೆ ಬ್ಯಾಗಿನಲ್ಲಿ ಹಾಕಿ ಬೆನ್ನಿಗೇರಿಸಿಕೊಂಡು ಹೋಗುತ್ತೇನೆ. ತಲೆ ಎತ್ತಿದರೆ ಸಾಕು, ಗಿಟಾರಿನ ಕತ್ತು ಹೆಲ್ಮೆಟ್ಟಿಗೆ ಬಡಿಯುತ್ತದೆ. ಇದರ ಬದಲು ಹಿಂದಿನ ಕ್ಯಾರಿಯರ್‌ಗೆ ಕಟ್ಟಿಬಿಡಲೇ?

ಉತ್ತರ: ಬೇಡ, ಬೆನ್ನೇ ವಾಸಿ. ಕ್ಯಾರಿಯರ್ ಇರುವುದು ಹಿಂಚಕ್ರದ ಅಚ್ಚಿಗಿಂತಲೂ ಹಿಂದೆ. ಹಿಂಚಕ್ರ ಗುಂಡಿಗಿಳಿದು ಎದ್ದಾಗ ಬೈಕಿನಲ್ಲಿ ಎಲ್ಲಕ್ಕಿಂತ ಜೋರಾಗಿ ಎಗರುವ ಜಾಗ ಅದು. ಸಾಲದ್ದಕ್ಕೆ ಎಂಜಿನ್ನಿನ ನಡುಕವೂ ಕಬ್ಬಿಣದ ಕಂಬಿಗಳ ಮೂಲಕ ನೇರವಾಗಿ ವಾದ್ಯಕ್ಕೆ ಬರುತ್ತದೆ. ಬೆನ್ನ ಮೇಲಿದ್ದರೆ ಸೀಟಿನ ಸ್ಪಂಜು, ನಿಮ್ಮ ಸೊಂಟ, ತೊಡೆ ಎಲ್ಲ ಸೇರಿ ಏಟಿನ ಬಹುಪಾಲನ್ನು ನುಂಗಿಕೊಳ್ಳುತ್ತವೆ.

ಹೆಲ್ಮೆಟ್ಟಿಗೆ ಬಡಿಯುವುದು ಅಳತೆಯ ತೊಂದರೆ. ಗಿಟಾರು ಹೆಚ್ಚುಕಡಿಮೆ 1 ಮೀಟರ್ ಉದ್ದ. ಕುಳಿತಾಗ ಬ್ಯಾಗಿನ ತಳ ಸೀಟಿಗೆ ಒತ್ತಿ, ಅಷ್ಟೂ ಉದ್ದ ಮೇಲಕ್ಕೆ ಸರಿಯುತ್ತದೆ. ತಂತಿಗಳು ಹೊರಮುಖವಾಗಿದ್ದರೆ ಹೆಡ್‌ಸ್ಟಾಕ್ (ಕತ್ತಿನ ತುದಿಯ ಬಿರಡೆಗಳಿರುವ ಭಾಗ) ಹಿಂದಕ್ಕೆ ಬಾಗಿರುವುದು ನಿಮ್ಮ ತಲೆಯ ಕಡೆಗೇ. ಅದಕ್ಕೇ ನೆಟ್ಟಗೆ ಹೊರಬೇಡಿ, ಓರೆಯಾಗಿ ಹೊರಿ. ಒಂದು ಪಟ್ಟಿಯನ್ನು ನಾಲ್ಕು ಬೆರಳಿನಷ್ಟು ಗಿಡ್ಡ ಮಾಡಿದರೆ ಕತ್ತು ಭುಜದ ಆಚೆಗೆ ವಾಲುತ್ತದೆ. ವಾಹನಗಳು ನಿಮ್ಮನ್ನು ಹಾದುಹೋಗುವ ಬದಿಗೆ ವಾಲಿಸಬಾರದು, ಇನ್ನೊಂದು ಬದಿಗೆ. ಪಟ್ಟಿಗಳನ್ನು ನಿಂತು ಸರಿಮಾಡಿದರೆ ಪ್ರಯೋಜನವಿಲ್ಲ. ಬೈಕ್ ಹತ್ತಿ, ಹೆಲ್ಮೆಟ್ ಹಾಕಿ, ಎರಡೂ ಕಡೆ ತಿರುಗಿ ನೋಡುತ್ತಾ ಸರಿಮಾಡಿ. ಎದೆಯ ಮುಂದೆ ಎರಡೂ ಪಟ್ಟಿಗಳನ್ನು ಹಿಡಿದಿಡುವ ಅಡ್ಡಪಟ್ಟಿ ಇರಲೇಬೇಕು. ಬ್ಯಾಗಿಗೆ ಇಲ್ಲದಿದ್ದರೆ ಬಕಲ್ ಇರುವ 25 ಮಿ.ಮೀ. ಪಟ್ಟಿಯನ್ನು ಹೊಲಿಸಿಕೊಳ್ಳಿ.

ತಳದ ಕಡೆಗೂ ಕಣ್ಣಿರಲಿ. ಗಿಟಾರಿನ ಬುಡದಲ್ಲಿ ಪಟ್ಟಿ ಸಿಕ್ಕಿಸುವ ಗುಂಡಿಯಿದೆಯಲ್ಲ, ಬ್ಯಾಗು ಸೀಟಿಗೆ ಕುಕ್ಕಿದಾಗೆಲ್ಲ ಏಟು ಬೀಳುವುದು ಅದರ ಮೇಲೆ. ಅದು ಒಳಗಿನ ಮರದ ತುಂಡನ್ನು ಒತ್ತುತ್ತದೆ, ಕಾಲಕ್ರಮೇಣ ಪಕ್ಕದ ತೆಳುಹಲಗೆ ಸೀಳುತ್ತದೆ. ಬ್ಯಾಗಿನ ತಳಕ್ಕೆ 3 ಸೆಂ.ಮೀ. ದಪ್ಪದ ಗಟ್ಟಿ ಫೋಮ್ ಹಾಕಿ, ಗುಂಡಿ ಕೂರುವ ಜಾಗದಲ್ಲಿ ತೂತು ಕೊರೆಯಿರಿ. ದಿಂಬಿನ ಮೆತ್ತನೆ ಸ್ಪಂಜು ಕೆಲಸಕ್ಕೆ ಬಾರದು, ರಸ್ತೆಯ ಮೊದಲ ಗುಂಡಿಗೇ ಪೂರ್ತಿ ಅಮುಕಿಹೋಗುತ್ತದೆ.

ಗಿಟಾರು ಮುರಿಯುವುದು ಸಾಮಾನ್ಯವಾಗಿ ಹೆಡ್‌ಸ್ಟಾಕ್ ಮತ್ತು ಕತ್ತು ಕೂಡುವಲ್ಲಿ. ಅಲ್ಲಿ ಮರ ತೆಳು, ಹಿಂದಕ್ಕೆ ಬಾಗಿದ ಹೆಡ್‌ಸ್ಟಾಕ್ ಆದರೆ ಮರದ ಎಳೆಯೂ ಗಿಡ್ಡ, ತುದಿಯಲ್ಲಿ ಬಿರಡೆಗಳ ಭಾರ ಬೇರೆ. ಉಕ್ಕಿನ ತಂತಿಗಳು ಒಟ್ಟಾಗಿ 70 ಕೆಜಿಗೂ ಮಿಕ್ಕಿ ಎಳೆಯುತ್ತಿರುತ್ತವೆ. ಟವೆಲ್ಲನ್ನು ಬಿಗಿಯಾಗಿ ಸುತ್ತಿ ಮೊದಲ ಮೂರು ಫ್ರೆಟ್‌ಗಳ (ಕತ್ತಿನ ಮೇಲಿನ ಅಡ್ಡಕಂಬಿಗಳ) ಹಿಂದೆ, ಕತ್ತಿನ ಕೆಳಗೆ ಇಡಿ. ಹೆಡ್‌ಸ್ಟಾಕ್ ಕೆಳಗೆ ಏನೂ ಇಡಬೇಡಿ, ಅದು ಎಲ್ಲಿಗೂ ತಾಗದೆ ನಿಂತಿರಬೇಕು. ದೂರದ ದಾರಿಯಾದರೆ ಪ್ರತಿ ತಂತಿಯನ್ನೂ ಒಂದು ಸ್ವರದಷ್ಟು ಇಳಿಸಿದರೆ ಸಾಕು. ಪೂರ್ತಿ ಸಡಿಲಿಸಿದರೆ ಕತ್ತಿನ ಒಳಗಿರುವ ಲೋಹದ ಸರಳಿನ ಬಿಗಿಗೆ ಎದುರು ಬಲವಿಲ್ಲದೆ ಕತ್ತು ಹಿಂದಕ್ಕೆ ಬಾಗುತ್ತದೆ. ಅರ್ಧ ಗಂಟೆಯ ದಾರಿಗೆ ತಂತಿ ಇಳಿಸುವುದೂ ಬೇಡ.

ಇನ್ನು ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ 40 ಕಿ.ಮೀ. ವೇಗಕ್ಕಿಂತ 80ರಲ್ಲಿ ನಾಲ್ಕು ಪಟ್ಟು. ಭುಜದ ಮೇಲೆ ಎದ್ದು ನಿಂತ ಕತ್ತನ್ನು ಅಡ್ಡಗಾಳಿ ಹಿಡಿದರೆ ಹ್ಯಾಂಡಲ್ ಕೂಡ ಅಲ್ಲಾಡುತ್ತದೆ. 50 ದಾಟದಿದ್ದರೆ ಒಳ್ಳೆಯದು.

ಪ್ರಶ್ನೆ: ಹಾರ್ಡ್ ಕೇಸನ್ನು ಹಿಂದಿನ ಸೀಟಿನ ಮೇಲೆ ಅಡ್ಡಲಾಗಿ ಇಟ್ಟು ಎಲಾಸ್ಟಿಕ್ ಹಗ್ಗದಿಂದ ಬಿಗಿದರೆ?

ಉತ್ತರ: ಹ್ಯಾಂಡಲ್ಲಿನ ಅಗಲ ಸಾಮಾನ್ಯವಾಗಿ 75ರಿಂದ 80 ಸೆಂ.ಮೀ., ಕೇಸಿನ ಉದ್ದ 1 ಮೀಟರಿಗೂ ಹೆಚ್ಚು. ಹ್ಯಾಂಡಲ್ ತೂರಿದ ಸಂದಿಯಲ್ಲಿ ಕೇಸು ತೂರುವುದಿಲ್ಲ. ಕೇಸನ್ನು ನಿಲ್ಲಿಸಿಯೇ ಕಟ್ಟಬೇಕು: ಅಗಲವಾದ ತುದಿ ಹಿಂದಿನ ಸೀಟಿನ ಮೇಲೆ, ಬೆನ್ನು ಗಟ್ಟಿಯಾದ ಬ್ಯಾಕ್‌ರೆಸ್ಟಿಗೆ. ಬ್ಯಾಕ್‌ರೆಸ್ಟ್ ಇಲ್ಲದ ಬೈಕಿಗೆ ಹಾರ್ಡ್ ಕೇಸ್ ಹೊಂದುವುದಿಲ್ಲ.

ಎಲಾಸ್ಟಿಕ್ ಹಗ್ಗ ಒಂಟಿಯಾಗಿ ನಂಬುವಂಥದ್ದಲ್ಲ. ಗುಂಡಿಯಲ್ಲಿ ಹಿಗ್ಗಿ ಕೇಸನ್ನು ಎಗರಲು ಬಿಡುತ್ತದೆ. ಬಿಗಿಯುವಾಗ ಕೊಕ್ಕೆ ಜಾರಿದರೆ ಕಣ್ಣಿಗೇ ಬರುತ್ತದೆ. ಹಿಗ್ಗದ ನೈಲಾನ್ ಪಟ್ಟಿ, ಒತ್ತಿ ಹಿಡಿಯುವ ಬಕಲ್, ಬೈಕಿನ ಚೌಕಟ್ಟಿನಲ್ಲಿ ನಾಲ್ಕು ಕಡೆ ಹಿಡಿತ ಬೇಕು. ಇಂಡಿಕೇಟರಿಗೂ ಪ್ಲಾಸ್ಟಿಕ್ ಭಾಗಗಳಿಗೂ ಕಟ್ಟಬೇಡಿ. ಉಳಿದ ಪಟ್ಟಿಯ ತುದಿಯನ್ನು ಸುತ್ತಿ ಗಂಟು ಹಾಕಿ. ನೇತಾಡುವ ತುದಿ ಚೈನಿಗೆ ಸಿಕ್ಕಿದರೆ ಹಿಂಚಕ್ರ ಅಲ್ಲೇ ಕಚ್ಚಿಕೊಳ್ಳುತ್ತದೆ. ಹತ್ತು ನಿಮಿಷ ಓಡಿಸಿ ನಿಲ್ಲಿಸಿ ಇನ್ನೊಮ್ಮೆ ಬಿಗಿಯಿರಿ, ಹೊಸ ಪಟ್ಟಿ ಮೊದಲ ಬಾರಿ ಖಂಡಿತ ಸಡಿಲಾಗಿರುತ್ತದೆ. ಹಿಂದಿನ ದೀಪ ಕಾಣುತ್ತಿದೆಯೇ ಎಂದು ಇಳಿದು ನೋಡಿ.

ಪ್ರಶ್ನೆ: ಬೈಕಿನಲ್ಲಿ ಒಯ್ಯುವ ಮೊದಲು ಪಿಟೀಲಿನ ತಂತಿಗಳನ್ನೂ ಸಡಿಲಿಸಬೇಕೇ?

ಉತ್ತರ: ಖಂಡಿತ ಬೇಡ. ಪಿಟೀಲಿನ ಕುದುರೆಯನ್ನು (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡನ್ನು) ನಿಲ್ಲಿಸಿರುವುದು ತಂತಿಯ ಒತ್ತಡ ಮಾತ್ರ. ಒಳಗಿನ ಸೌಂಡ್ ಪೋಸ್ಟ್ ಎಂಬ ಕಡ್ಡಿಗೂ ಅಂಟಿಲ್ಲ, ಮೇಲು-ಕೆಳಗಿನ ಹಲಗೆಗಳ ನಡುವೆ ಬಿಗಿಯಾಗಿ ಸಿಕ್ಕಿಕೊಂಡಿದೆ ಅಷ್ಟೇ. ತಂತಿ ಸಡಿಲಿಸಿ ಕುಲುಕಿದರೆ ಎರಡೂ ಬೀಳಬಹುದು. ಒಳಗೆ ಕಡ್ಡಿ ಉರುಳಿದ ಸದ್ದು ಕೇಳಿದರೆ ಆಗ ಮಾತ್ರ ಎಲ್ಲ ತಂತಿಗಳನ್ನು ಇಳಿಸಿ ರಿಪೇರಿಗೆ ಕೊಡಿ. ಪೋಸ್ಟ್ ಇಲ್ಲದೆ ಬಿಗಿ ತಂತಿಯ ಭಾರಕ್ಕೆ ಮೇಲಿನ ಹಲಗೆ ಕುಸಿಯಬಹುದು. ಸಡಿಲಿಸಬೇಕಾದದ್ದು ಕಮಾನಿನ ಕೂದಲನ್ನು. ಕತ್ತು ಮತ್ತು ಬುಡಕ್ಕೆ ಮಾತ್ರ ಆಸರೆ ಕೊಟ್ಟು, ಬೆನ್ನು ತಳಕ್ಕೆ ತಾಗದಂತೆ ತೂಗಿಹಿಡಿಯುವ ಕೇಸ್ ಕೊಳ್ಳಿ. ಎರಡು ಪಟ್ಟಿ ಹಾಕಿ ಬೆನ್ನಿಗೇರಿಸಿದರೆ ಬೈಕಿಗೆ ಇಷ್ಟು ಹೊಂದುವ ತಂತಿವಾದ್ಯ ಇನ್ನೊಂದಿಲ್ಲ.

ಪ್ರಶ್ನೆ: ತಬಲಾ ಜೋಡಿಯನ್ನು ಎರಡೂ ಪಕ್ಕದ ಸ್ಯಾಡಲ್ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಬಹುದೇ?

ಉತ್ತರ: ಹೋಗಬಹುದು. ಆದರೆ ಒಂದು ಬದಿಯಲ್ಲಿ ಸೈಲೆನ್ಸರ್ ಇದೆ ಎಂಬುದನ್ನು ಮರೆಯಬೇಡಿ. ಬಿಸಿ ತಾಗಿದ ಚರ್ಮ ಒಣಗಿ ಬಿಗಿದು ಶ್ರುತಿ ಏರುತ್ತದೆ, ಕೊನೆಗೆ ಹರಿಯಲೂಬಹುದು. ಆ ಬದಿಗೆ ಲೋಹದ ಡಗ್ಗಾ (ಜೋಡಿಯಲ್ಲಿ ಎಡಗೈಯ ದೊಡ್ಡ ವಾದ್ಯ) ಹಾಕಿದರೆ ಸರಿಹೋಯಿತು ಅಂದುಕೊಳ್ಳುವವರಿದ್ದಾರೆ, ಅದರ ಮುಖವೂ ಚರ್ಮದ್ದೇ. ಬ್ಯಾಗಿಗೂ ಸೈಲೆನ್ಸರಿಗೂ ಒಂದು ಗೇಣು ಅಂತರ ಸಿಗದಿದ್ದರೆ ಎರಡನ್ನೂ ಸೀಟಿನ ಮೇಲೆ ಕಟ್ಟಿ.

ಶಾಯಿಗೆ, ಅಂದರೆ ಮುಖದ ಮೇಲಿನ ಕಪ್ಪು ವೃತ್ತಕ್ಕೆ, ಏನೂ ಒತ್ತಬಾರದು. ಕಬ್ಬಿಣದ ಪುಡಿ ಬೆರೆಸಿದ ಅಂಟನ್ನು ಪದರ ಪದರವಾಗಿ ಮೆತ್ತಿ ತಿಕ್ಕಿ ಮಾಡಿದ್ದು ಅದು, ಒತ್ತಡ ಬಿದ್ದರೆ ಚಕ್ಕೆ ಏಳುತ್ತದೆ. ಮುಖಕ್ಕೆ ಬಟ್ಟೆಯ ಮುಚ್ಚಳ ಹಾಕಿ, ಮುಖ ಮೇಲಾಗಿ ನಿಲ್ಲಿಸಿ, ಶ್ರುತಿ ಮಾಡುವ ಸುತ್ತಿಗೆಯನ್ನು ಬೇರೆ ಚೀಲದಲ್ಲಿ ಇಡಿ.

ಪ್ರಶ್ನೆ: 76 ಕೀಲಿಗಳ ಕೀಬೋರ್ಡ್?

ಉತ್ತರ: ಬೈಕಿಗಲ್ಲ. 61 ಕೀಲಿಗಳದ್ದಾದರೆ ಬೆನ್ನಿಗೆ ಓರೆಯಾಗಿ.

ಪ್ರಶ್ನೆ: ಮಳೆ, ಬಿಸಿಲಿಗೆ ಏನು ಮಾಡುವುದು?

ಉತ್ತರ: ಬ್ಯಾಗಿನ ಬಟ್ಟೆ ನೀರು ತಡೆದರೂ ಜಿಪ್ಪು ತಡೆಯುವುದಿಲ್ಲ. ಓಡುವಾಗ ಗಾಳಿ ನೀರನ್ನು ಹಲ್ಲುಗಳ ಸಂದಿಯಿಂದ ಒಳಕ್ಕೆ ನೂಕುತ್ತದೆ. ವಾದ್ಯವನ್ನು ಮೊದಲು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಆಮೇಲೆ ಬ್ಯಾಗಿಗಿಳಿಸಿ. ತಲುಪಿದ ಕೂಡಲೇ ಚೀಲ ತೆಗೆಯಿರಿ, ಒಳಗಿನ ತೇವ ಅಲ್ಲೇ ಉಳಿದರೆ ಮಳೆಗಿಂತ ಕೇಡು.

ಬಿಸಿಲಿನ ಅಪಾಯ ನಿಂತಾಗಲೇ ಹೆಚ್ಚು, ಓಡುವಾಗ ಗಾಳಿಯಾದರೂ ಆಡುತ್ತದೆ. ಕಪ್ಪು ಕೇಸನ್ನು ಬಿಸಿಲಲ್ಲಿ ನಿಂತ ಬೈಕಿನ ಮೇಲೆ ಬಿಟ್ಟರೆ ಅಂಟು ಮೆದುವಾಗಿ ಗಿಟಾರಿನ ಬ್ರಿಡ್ಜ್ (ಮೇಲಿನ ಹಲಗೆಗೆ ಅಂಟಿಸಿ ತಂತಿಗಳನ್ನು ಕಟ್ಟಿರುವ ಮರದ ಪಟ್ಟಿ) ಹಿಂಭಾಗದಿಂದ ಏಳುತ್ತದೆ. ಅನುಮಾನವಿದ್ದರೆ ತೆಳು ಕಾಗದವನ್ನು ಬ್ರಿಡ್ಜ್ ಹಿಂಬದಿಯ ಅಂಚಿನಲ್ಲಿ ತೂರಿಸಿ ನೋಡಿ. ಒಳಕ್ಕೆ ಹೋದರೆ ಅಂಟು ಬಿಟ್ಟಿದೆ, ತಂತಿ ಇಳಿಸಿ ರಿಪೇರಿಗೆ ಒಯ್ಯಿರಿ.