ಸಹಿ ಸಾವಿರಾರು ಬಿತ್ತು, ಕೆಲಸ ಆಗಲಿಲ್ಲ

ಪ್ರಶ್ನೆ: ನಮ್ಮ ಆನ್‌ಲೈನ್ ಮನವಿಗೆ 40 ಸಾವಿರ ಸಹಿ ಬಂತು. ಸರ್ಕಾರ ಅಲುಗಾಡಲೇ ಇಲ್ಲ. ಮತ ಹಾಕುವುದು ಬಿಟ್ಟರೆ ಜನರಿಗೆ ಬೇರೆ ಗತಿಯೇ ಇಲ್ಲವೇ?

ಉತ್ತರ: ಈ ಪ್ರಶ್ನೆ ಬಾರದ ವಾರವಿಲ್ಲ. ಎಷ್ಟು ಸಹಿ ಎಂದು ಹೇಳುತ್ತೀರಿ. ಅಷ್ಟು ಸಹಿ ಬಿದ್ದರೆ ಯಾರು ಏನು ಮಾಡಲೇಬೇಕು ಎಂಬುದನ್ನು ಒಬ್ಬರೂ ಹೇಳುವುದಿಲ್ಲ. ಬ್ರಿಟನ್ ಸಂಸತ್ತಿನ ಮನವಿ ಪುಟದಲ್ಲಿ 10 ಸಾವಿರ ಸಹಿಗೆ ಸರ್ಕಾರದ ಉತ್ತರ ಸಿಗುತ್ತದೆ, 1 ಲಕ್ಷ ದಾಟಿದರೆ ಚರ್ಚೆಗೆ ಪರಿಗಣಿಸುತ್ತಾರೆ. ಅಷ್ಟೇ. 2019ರಲ್ಲಿ ಬ್ರೆಕ್ಸಿಟ್, ಅಂದರೆ ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರುವುದನ್ನು, ಕೈಬಿಡಿ ಎಂದು 60 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಚರ್ಚೆಯೂ ಆಯಿತು, ಸರ್ಕಾರ ಆಗುವುದಿಲ್ಲ ಎಂದಿತು. ಸ್ವಿಟ್ಜರ್ಲೆಂಡಿನಲ್ಲಿ ಬರೀ 50 ಸಾವಿರ ಸಹಿ ಸಾಕು, ಸಂಸತ್ತು ಪಾಸು ಮಾಡಿದ ಕಾಯ್ದೆಯನ್ನು ಜನಮತಗಣನೆಗೆ ಎಳೆದು ತರಬಹುದು.

ಆದರೆ ಆ ಸಹಿ ಮೊಬೈಲಿನಲ್ಲಿ ಒತ್ತಿದ್ದಲ್ಲ. ಹಾಳೆಯ ಮೇಲೆ ಹೆಸರನ್ನು ಕೈಯಾರೆ, ಓದಲು ಬರುವಂತೆ ಬರೆದು ಸಹಿ ಹಾಕಬೇಕು. ಒಂದು ಹಾಳೆಯಲ್ಲಿ ಒಂದೇ ಊರಿನ ಮತದಾರರು. ಆ ಊರಿನ ಕಚೇರಿ ಮತದಾರರ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಎರಡು ಸಲ ಹಾಕಿದ್ದು, ಹೊರಗಿನವರು ಹಾಕಿದ್ದು ಲೆಕ್ಕದಿಂದ ಹೋಗುತ್ತದೆ. ಕೊಟ್ಟಿರುವುದು 100 ದಿನ, ತಾಳೆ ನೋಡಿಸುವುದೂ ಅದರೊಳಗೇ. ಕೊನೆಯ ವಾರ ಹೊರೆಗಟ್ಟಲೆ ಹಾಳೆ ತಂದು ಸುರಿದರೆ ಕೆಟ್ಟಿರಿ. ಬೇಕಾದ ಸಂಖ್ಯೆಗಿಂತ ಐದನೇ ಒಂದು ಪಾಲು ಹೆಚ್ಚೇ ಕೂಡಿಸಿ ಎನ್ನುವವನು ನಾನು.

ಇಂಥ ಕಾನೂನಿಲ್ಲದ ಕಡೆ ಸಹಿಯ ಹಿಂದೆ ಓಡಬೇಡಿ. ನಿಯಮ ಇನ್ನೂ ಕರಡಿನಲ್ಲಿರುವಾಗ ಆಕ್ಷೇಪಣೆ ಸಲ್ಲಿಸಿ. ಒಂದೇ ಪುಟ ಇರಲಿ. ಯಾವ ಕಲಂ, ಅದರಲ್ಲಿ ಯಾವ ಪದ, ಅದರಿಂದ ಯಾರಿಗೆ ಏನು ತೊಂದರೆ, ಬದಲಿಗೆ ಯಾವ ವಾಕ್ಯ ಇರಬೇಕು ಎಂದು ಬರೆಯಿರಿ. ಬದಲಿ ವಾಕ್ಯವನ್ನೇ ಬಹುತೇಕರು ಬಿಡುತ್ತಾರೆ, ಕಡತ ನೋಡುವ ಅಧಿಕಾರಿಗೆ ಬೇಕಾಗಿರುವುದು ಮಾತ್ರ ಅದೇ. ವಾಟ್ಸಾಪಿನಲ್ಲಿ ಬಂದ ಒಂದೇ ಒಕ್ಕಣೆಯನ್ನು ಐನೂರು ಜನ ಕಳಿಸಿದರೆ ಅದನ್ನು ಒಂದೇ ಕಟ್ಟು ಕಟ್ಟಿ ಪಕ್ಕಕ್ಕಿಡುತ್ತಾರೆ. ಗಡುವು ಮುಗಿದ ಮೇಲೆ ಬಂದದ್ದನ್ನು ಓದಬೇಕೆಂಬ ಕಟ್ಟುಪಾಡು ಯಾರಿಗೂ ಇರುವುದಿಲ್ಲ.

ಪ್ರಶ್ನೆ: ದುಡ್ಡು ಕೊಟ್ಟರೆ ಲಕ್ಷ ಸಹಿ ತರುತ್ತೇವೆ ಎನ್ನುತ್ತಾರೆ. ನಂಬಬಹುದೇ?

ಉತ್ತರ: ಬಾಗಿಲಿನಿಂದಲೇ ಕಳಿಸಿ. 2016ರಲ್ಲಿ ಬ್ರಿಟನ್ನಿನ ಒಂದೇ ಮನವಿಯಿಂದ ಸುಮಾರು 77 ಸಾವಿರ ನಕಲಿ ಸಹಿ ಕಿತ್ತುಹಾಕಿದರು. ಅಂಥದ್ದು ಒಂದು ಸಿಕ್ಕಿಬಿದ್ದರೂ ಸಾಕು, ನಿಮ್ಮ ಅಸಲಿ ಸಹಿಗಳ ಮೇಲೂ ಅನುಮಾನ.

ಪ್ರಶ್ನೆ: ಹ್ಯಾಶ್‌ಟ್ಯಾಗ್ ಟ್ರೆಂಡ್ ಆದರೆ?

ಉತ್ತರ: ಮರುದಿನ ಇನ್ನೊಂದು ಆಗುತ್ತದೆ.

ಪ್ರಶ್ನೆ: ಸಾರ್ವಜನಿಕ ಸಭೆಯಲ್ಲಿ ಮೂರೇ ನಿಮಿಷ ಕೊಡುತ್ತಾರೆ, ಏನು ಮಾತಾಡಲಿ?

ಉತ್ತರ: ಮೊದಲ ವಾಕ್ಯದಲ್ಲೇ ಬೇಡಿಕೆ ಹೇಳಿ. ಸ್ವಾಗತ, ವಂದನೆ, ಗಾದೆ ಬೇಡ. ಹೇಳಿದ್ದನ್ನು ಬರಹದಲ್ಲೂ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖು ಸಮೇತ ಮೊಹರು ಹಾಕಿಸಿಕೊಂಡೇ ಹೊರಡಿ. ನಡಾವಳಿಯಲ್ಲಿ ನಿಮ್ಮ ಮಾತು ಬಿಟ್ಟುಹೋದರೆ ತೋರಿಸಲು ಆ ಮೊಹರು ಬೇಕಾಗುತ್ತದೆ.