ಫೀಸು ಎಲ್ಲರಿಗೂ ಒಂದೇ ಇರಬೇಕೇ?

ಪ್ರಶ್ನೆ: ಶಿವಮೊಗ್ಗದಲ್ಲಿ ಆಪ್ತಸಮಾಲೋಚಕಿಯಾಗಿ ಸ್ವಂತ ಕ್ಲಿನಿಕ್ ನಡೆಸುತ್ತಿದ್ದೇನೆ. ಒಂದು ಸೆಷನ್‌ಗೆ 1,000 ರೂಪಾಯಿ. ಕಾಲೇಜು ಹುಡುಗರು, ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು ಎರಡು ಸಲ ಬಂದು ನಿಲ್ಲಿಸಿಬಿಡುತ್ತಾರೆ. ಕೇಳಿದವರಿಗೆ ಕಡಿಮೆ ಮಾಡುತ್ತೇನೆ, ಅದು ಇನ್ನೊಬ್ಬರಿಗೆ ಗೊತ್ತಾದಾಗ ಮುಜುಗರ. ಆದಾಯ ನೋಡಿ ಫೀಸು ಇಡಬಹುದೇ? ಬಿಪಿಎಲ್ ಕಾರ್ಡ್ ಕೇಳಲೇ? ಅನುಕೂಲಸ್ಥರೂ ಕಡಿಮೆ ದರವನ್ನೇ ಆರಿಸಿಕೊಂಡರೆ?

ಉತ್ತರ: ಧಾರಾಳವಾಗಿ ಇಡಬಹುದು. ನಿಮಗೆ ತೊಂದರೆ ಕೊಡುತ್ತಿರುವುದು ಕಡಿಮೆ ಫೀಸಲ್ಲ, ಎದುರಿಗೆ ಕೂತವರ ಮುಖ ನೋಡಿ ಆ ಹೊತ್ತಿಗೆ ದರ ಹೇಳುತ್ತಿರುವುದು. ಹಾಗೆ ಮಾಡಿದರೆ ಬಾಯಿಬಿಟ್ಟು ಕೇಳುವ ಧೈರ್ಯ ಇದ್ದವರಿಗೆ ರಿಯಾಯಿತಿ, ಸಂಕೋಚದವರಿಗೆ ಪೂರ್ತಿ ಫೀಸು. ನಿಜಕ್ಕೂ ಕಷ್ಟದಲ್ಲಿರುವವರು ಸಾಮಾನ್ಯವಾಗಿ ಎರಡನೇ ಗುಂಪಿನಲ್ಲಿರುತ್ತಾರೆ.

ಮೊದಲು ಲೆಕ್ಕ ಹಾಕಿ. ಬಾಡಿಗೆ, ಕರೆಂಟು, ಮನೆಖರ್ಚು ಎಲ್ಲ ಸೇರಿ ತಿಂಗಳಿಗೆ 60,000 ಬೇಕು, 80 ಸೆಷನ್ ಮಾಡುತ್ತೀರಿ ಎಂದಿಟ್ಟುಕೊಳ್ಳೋಣ. ಸರಾಸರಿ 750 ಬಂದರೆ ಸಾಕು. 45 ಸೆಷನ್ 1,000ಕ್ಕೆ, 20 ಸೆಷನ್ 600ಕ್ಕೆ, 15 ಸೆಷನ್ 300ಕ್ಕೆ ಮಾಡಿದರೆ 61,500 ಆಗುತ್ತದೆ. ಅಂದರೆ 300ರ ದರ ಕೊಡುವ ಶಕ್ತಿ ನಿಮಗೆ ಹೆಚ್ಚುಕಡಿಮೆ 15 ಸೆಷನ್‌ಗಷ್ಟೇ ಇದೆ. ಇದನ್ನು ಮರೆತು ಎಲ್ಲರಿಗೂ ಹೂಂ ಎಂದವರು ವರ್ಷ ತುಂಬುವುದರೊಳಗೆ ಸುಸ್ತಾಗಿ ಕ್ಲಿನಿಕ್ ಮುಚ್ಚುವ ಯೋಚನೆಗೆ ಬರುತ್ತಾರೆ. ಸಂಖ್ಯೆ ನಿಮ್ಮದು ಬೇರೆ ಇರಬಹುದು, ಕ್ರಮ ಇದೇ.

ಬಿಪಿಎಲ್ ಕಾರ್ಡ್ ಕೇಳಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರ) ಶೇ 30ರಷ್ಟು ನೆರವು. ಅಲ್ಲಿ ಕೊಡುವುದು ಸರ್ಕಾರದ ದುಡ್ಡು, ಕಾರ್ಡ್ ನೋಡಲೇಬೇಕು. ನಿಮ್ಮ ಕೋಣೆಗೆ ಬರುವವರ ಕಥೆ ಬೇರೆ. ಕಾರ್ಡ್ ಇಡೀ ಮನೆಯ ಆದಾಯಕ್ಕೆ ಸೇರಿದ್ದು. ಗಂಡನ ಕುಡಿತದಿಂದ ಬೇಸತ್ತು ಬಂದಾಕೆಯ ಮನೆಯಲ್ಲಿ ಕಾರಿರಬಹುದು, ಆಕೆಯ ಕೈಯಲ್ಲಿ ಬಸ್ ಚಾರ್ಜಿಗೂ ದುಡ್ಡಿರುವುದಿಲ್ಲ. ಮನೆಗೆ ತಿಳಿಸದೆ ಬರುವ ವಿದ್ಯಾರ್ಥಿ ರೇಷನ್ ಕಾರ್ಡ್ ಕೇಳಿ ತರಲು ಸಾಧ್ಯವೇ? ಹಾಗಾಗಿ ಸಂಬಳ ಎಷ್ಟು ಎಂಬುದಕ್ಕಿಂತ, ಸಾಲದ ಕಂತು, ನೆಚ್ಚಿಕೊಂಡ ಜನ, ಸ್ವಂತ ಕೈಗೆ ಸಿಗುವ ಹಣ, ಇವನ್ನು ನೋಡಿ ಅವರೇ ದರ ಆರಿಸಿಕೊಳ್ಳಲಿ. ಮೂರೂ ದರವನ್ನು ಬೋರ್ಡ್ ಮೇಲೆ ಬರೆದುಹಾಕಿ, ಅಪಾಯಿಂಟ್‌ಮೆಂಟ್ ಕೇಳಿದವರಿಗೆ ಕಳಿಸುವ ವಾಟ್ಸ್ಆ್ಯಪ್ ಸಂದೇಶದಲ್ಲೂ ಇರಲಿ. ಬಾಯಲ್ಲಿ ಚೌಕಾಸಿ ಬೇಡ.

ಸುಳ್ಳು ಹೇಳುವವರು? ಇರುತ್ತಾರೆ. ಆದರೆ ನೀವು ಹೆದರುವಷ್ಟು ನಷ್ಟ ಆಗದು, ಏಕೆಂದರೆ ಕಡಿಮೆ ದರದ ಸೀಟುಗಳಿಗೆ ಮಿತಿ ಹಾಕಿದ್ದೀರಿ. ಮದುರೈನ ಅರವಿಂದ ಕಣ್ಣಾಸ್ಪತ್ರೆ 1976ರಲ್ಲಿ 11 ಹಾಸಿಗೆಯಿಂದ ಶುರುವಾದದ್ದು. ಹಣ ಕೊಟ್ಟು ತೋರಿಸಿಕೊಳ್ಳಬೇಕೋ, ಉಚಿತವಾಗಿಯೋ ಎಂಬುದನ್ನು ಅಲ್ಲಿ ರೋಗಿಯೇ ತೀರ್ಮಾನಿಸುತ್ತಾರೆ, ಆದಾಯದ ಪುರಾವೆ ಕೇಳುವುದಿಲ್ಲ. ಹಣ ಕೊಡುವವರಿಂದ ಬಂದದ್ದರಲ್ಲಿ ಉಳಿದವರ ಆಪರೇಷನ್ ನಡೆಯುತ್ತದೆ. ಕೊಠಡಿಯ ಸೌಕರ್ಯದಲ್ಲಿ ವ್ಯತ್ಯಾಸ ಉಂಟು, ಚಿಕಿತ್ಸೆಯಲ್ಲಿ ಇಲ್ಲ. ನಿಮ್ಮಲ್ಲಿ ಬೇರೆ ಕೊಠಡಿಯೂ ಇಲ್ಲ, ಆದ್ದರಿಂದ ಸಮಯದ ವಿಷಯದಲ್ಲಿ ಎಚ್ಚರ ಇರಲಿ. 300 ಕೊಟ್ಟವರಿಗೆ 30 ನಿಮಿಷ, 1,000 ಕೊಟ್ಟವರಿಗೆ ಒಂದು ಗಂಟೆ ಎಂದು ಮಾಡಿದರೆ ಈ ವ್ಯವಸ್ಥೆಗೆ ಅರ್ಥವೇ ಉಳಿಯದು. ಸಂಜೆಯ ಬೇಡಿಕೆಯ ಹೊತ್ತನ್ನೆಲ್ಲ ಪೂರ್ತಿ ಫೀಸಿನವರಿಗೇ ಮೀಸಲಿಡಬೇಡಿ. ಗಾರ್ಮೆಂಟ್ಸ್‌ನಾಕೆ ಹಗಲಿನಲ್ಲಿ ಬರಲಾರಳು.

ಆರು ತಿಂಗಳಿಗೊಮ್ಮೆ ಎಲ್ಲರನ್ನೂ, ಪೂರ್ತಿ ಕೊಡುವವರನ್ನೂ ಸೇರಿಸಿ, ‘ಈ ದರ ಈಗಲೂ ಸರಿಹೋಗುತ್ತಿದೆಯೇ’ ಎಂದು ಕೇಳಿ. ಕೆಲಸ ಕಳೆದುಕೊಂಡವರು ಇಳಿಯಲಿ, ಕೆಲಸ ಸಿಕ್ಕ ಹುಡುಗ ಏರಲಿ. ಬಾರದೆ ತಪ್ಪಿಸಿಕೊಂಡವರಿಗೆ ದಂಡ ಹಾಕುತ್ತೀರಾದರೆ ಅವರವರ ದರದ ಅರ್ಧ ಎಂದಿಡಿ. ಈಗಾಗಲೇ ಕಡಿಮೆ ಕೊಡುತ್ತಿರುವ ಹಳಬರಿಗೆ ಹೊಸ ಪಟ್ಟಿಯನ್ನು ಎರಡು ತಿಂಗಳು ಮೊದಲೇ ತಿಳಿಸಿ.

ಹದಿನೈದೂ ಸೆಷನ್ ತುಂಬಿದಾಗ ಬಂದವರನ್ನು ಬರಿಗೈಯಲ್ಲಿ ಕಳಿಸದಿರಲು ಒಂದು ಚೀಟಿ ಸಿದ್ಧವಿರಲಿ: ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದ ಹೊರರೋಗಿ ಸಮಯ, ಕನ್ನಡದಲ್ಲೂ ಉಚಿತವಾಗಿ ಮಾತನಾಡಬಹುದಾದ ಟೆಲಿ-ಮಾನಸ್ ಸಹಾಯವಾಣಿ 14416, ಮತ್ತು ನಿಮ್ಮಲ್ಲಿ ಸೀಟು ಯಾವಾಗ ಖಾಲಿಯಾಗಬಹುದು ಎಂಬ ಅಂದಾಜು.