ಮೆಟ್ಟಿಲಿಳಿಯುವಾಗ ಒಳಕ್ಕೆ ವಾಲುವ ಮೊಣಕಾಲು

"ನಮ್ಮೂರಿನ ನೀರೇ ಹಾಗೆ ಮೇಡಂ, ಕಾಲು ಸೊಟ್ಟ ಮಾಡಿಬಿಡುತ್ತದೆ." ಕೊಪ್ಪಳ, ರಾಯಚೂರು ಕಡೆಯಿಂದ ಮೊಣಕಾಲು ನೋವೆಂದು ಬರುವವರ ಬಾಯಲ್ಲಿ ಈ ಮಾತು ಮತ್ತೆ ಮತ್ತೆ ಕೇಳುತ್ತೇನೆ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದ ಹಳ್ಳಿಗಳು ಈ ಸೀಮೆಯಲ್ಲಿವೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಳವೆಯಿಂದಲೇ ಕುಡಿದರೆ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಬಹಳ ಏರಿದಲ್ಲಿ ಮೂಳೆಯೂ ಕೆಡುತ್ತದೆ. ಆದರೆ ಮೊಣಕಾಲಿನ ಪ್ರತಿಯೊಂದು ನೋವನ್ನೂ ನೀರಿನ ಲೆಕ್ಕಕ್ಕೆ ಬರೆದು ಕೈಚೆಲ್ಲಿ ಕೂರುವವರನ್ನು ಕಂಡಾಗ ಸಂಕಟವಾಗುತ್ತದೆ. ಅಂಥವರೊಬ್ಬರ ಪ್ರಕರಣವಿದು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಶಾಂತಮ್ಮ ಎನ್ನೋಣ. ವಯಸ್ಸು ಮೂವತ್ತೈದರ ಆಸುಪಾಸು. ಮದುವೆಯಾಗಿ ಬಳ್ಳಾರಿಗೆ ಬಂದವರು. ಜೀನ್ಸ್ ಹೊಲಿಯುವ ಘಟಕದಲ್ಲಿ ಪೀಸ್ ಲೆಕ್ಕದ ಕೆಲಸ. ಬಲ ಮೊಣಕಾಲಿನ ಚಿಪ್ಪಿನ ಸುತ್ತ ನೋವು. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಬಹಳ ಹೊತ್ತು ಕೂತು ಎದ್ದರೆ ಹೆಜ್ಜೆ ಕೀಳಲಾಗದು. ಎಕ್ಸ್‌ರೇ ನೋಡಿದ ವೈದ್ಯರು ಮೂಳೆ ಚೆನ್ನಾಗಿದೆ ಎಂದಿದ್ದರು. ಆ ಮಾತು ಅವರನ್ನು ಇನ್ನಷ್ಟು ಹೆದರಿಸಿತ್ತು. ಕೆಲಸ ಬಿಡುವುದೆಂದು ನಿರ್ಧರಿಸಿಯೇ ಬಂದಿದ್ದರು. ಮನೆಯವರನ್ನು ಒಪ್ಪಿಸಲು ನನ್ನದೊಂದು ಮಾತು ಬೇಕಿತ್ತು.

ನಾನು ಆ ಮಾತು ಕೊಡಲಿಲ್ಲ. ಬರಿಗಾಲಲ್ಲಿ ನಿಲ್ಲಲು ಹೇಳಿದೆ. ಎರಡೂ ಮೊಣಕಾಲು ತಾಗುವಂತೆ ನಿಂತಾಗ ಕಣಕಾಲಿನ ಒಳಗಂಟುಗಳೂ ಒಂದಕ್ಕೊಂದು ತಾಗಿದವು. ಮೂಳೆಯೇ ಒಳಬಾಗಿದ್ದರೆ ಅಲ್ಲಿ ಅಂತರ ಉಳಿಯುತ್ತದೆ. ಆಮೇಲೆ ಒಂದು ಗಿಡ್ಡ ಮೆಟ್ಟಿಲಿನ ಮೇಲೆ ಬಲಗಾಲೂರಿ, ಎಡಗಾಲನ್ನು ನಿಧಾನವಾಗಿ ಕೆಳಗಿಳಿಸಲು ಹೇಳಿ, ಅವರದೇ ಮೊಬೈಲಿನಲ್ಲಿ ಮುಂದಿನಿಂದ ಚಿತ್ರೀಕರಿಸಿದೆ. ಸೊಂಟದ ಎಡಬದಿ ಕೆಳಕ್ಕೆ ಜಾರಿತು. ಬಲತೊಡೆ ಒಳಕ್ಕೆ ತಿರುಗಿತು. ಮೊಣಕಾಲು ಹೆಬ್ಬೆರಳನ್ನೂ ದಾಟಿ ಒಳಗೆ ವಾಲಿತು, ಪಾದದ ಕಮಾನು ನೆಲಕ್ಕೆ ಕುಸಿಯಿತು. ಆ ವಿಡಿಯೊವನ್ನು ಅವರು ಮಾತಿಲ್ಲದೆ ಹಿಂದೆ ಮುಂದೆ ಮಾಡಿ ನೋಡಿದರು.

"ಈಗ ಗೋಡೆ ಹಿಡಿದುಕೊಳ್ಳಿ. ಸೊಂಟ ಸಮವಿರಲಿ, ಮೊಣಕಾಲು ಎರಡನೇ ಬೆರಳಿನ ನೇರಕ್ಕೇ ಬಗ್ಗಲಿ" ಎಂದೆ. ತೊಡೆ ಗಡಗಡ ನಡುಗಿತು, ಆದರೂ ಕಾಲು ನೇರವಾಗಿಯೇ ಇಳಿಯಿತು. ನೋವೂ ಅಷ್ಟಿರಲಿಲ್ಲ.

ಅವರು ತಟ್ಟನೆ ಕೇಳಿದರು: "ಮೂಳೆ ಸೊಟ್ಟಗಿದ್ದರೆ ಈಗ ಹೇಗೆ ನೇರ ಬಂತು ಮೇಡಂ?"

ನಾನು ಹೇಳಬೇಕಾದದ್ದನ್ನು ಅವರೇ ಹೇಳಿದಂತಾಯಿತು. ಮೊಣಕಾಲಿನ ಚಿಪ್ಪು ತೊಡೆಮೂಳೆಯ ತುದಿಯಲ್ಲಿರುವ ತೋಡಿನಲ್ಲಿ ಮೇಲೆ ಕೆಳಗೆ ಸರಿಯುತ್ತದೆ. ಸೊಂಟದ ಪಕ್ಕದ ಸ್ನಾಯು ಸೋತರೆ ತೊಡೆಮೂಳೆ ಒಳಕ್ಕೆ ತಿರುಗುತ್ತದೆ, ಚಿಪ್ಪಿನ ಹೊರಬದಿಗೆ ಒತ್ತಡ ಹೆಚ್ಚುತ್ತದೆ. ಶಾಂತಮ್ಮನವರ ಸ್ಟೂಲು ಗಿಡ್ಡ. ಪೆಡಲ್ ಎಡಕ್ಕೆ ಸರಿದಿದ್ದರಿಂದ ಬಲಗಾಲನ್ನು ಒಳಕ್ಕೆ ತಿರುಗಿಸಿಯೇ ದಿನವಿಡೀ ಒತ್ತಬೇಕು. ನೋವಿಗೆ ಇದೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ದಿಢೀರನೆ ಹೆಚ್ಚಿದ ಕೆಲಸ, ನಿದ್ದೆಗೇಡು, ಭಯ ಎಲ್ಲವೂ ಸೇರುತ್ತವೆ. ಆದರೆ ನಮ್ಮ ಕೈಯಲ್ಲಿ ಬದಲಿಸಲು ಸಾಧ್ಯವಿರುವ ಕಾರಣವಿದು.

ಸ್ಟೂಲು ಎತ್ತರಿಸಿ, ಪೆಡಲನ್ನು ಬಲ ಮೊಣಕಾಲಿನ ನೇರಕ್ಕೆ ತನ್ನಿ, ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ ಎಂದೆ. ಮನೆಯಲ್ಲಿ ಮಗ್ಗುಲು ಮಲಗಿ ಮೇಲಿನ ಕಾಲೆತ್ತುವುದು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ಕನ್ನಡಿಯೆದುರು ಅದೇ ಮೆಟ್ಟಿಲಿಳಿಯುವುದು. ಸ್ನಾಯು ಬಲವಾಗಲು ತಿಂಗಳುಗಳೇ ಬೇಕು ಎಂದು ಮೊದಲೇ ತಿಳಿಸಿದೆ.

ಕೆಲಸ ಬಿಡಿಸಬಾರದಿತ್ತೇ ಎಂದು ನನ್ನನ್ನು ಕೇಳಿದವರಿದ್ದಾರೆ. ಬಿಡಿಸಿದ್ದರೆ ಸಂಬಳ ಹೋಗುತ್ತಿತ್ತು, ಸ್ನಾಯು ಇನ್ನೂ ಸೊರಗುತ್ತಿತ್ತು, ತನ್ನ ಕಾಲು ಕೆಟ್ಟದ್ದು ಎಂಬ ನಂಬಿಕೆ ಮಾತ್ರ ಗಟ್ಟಿಯಾಗುತ್ತಿತ್ತು. ಪಾದರಕ್ಷೆಯೊಳಗೆ ಇಡುವ ದುಬಾರಿ ಮೆತ್ತೆ (ಇನ್‌ಸೋಲ್) ಕೊಳ್ಳಲೂ ನಾನು ಹೇಳಲಿಲ್ಲ. ಸಾಲ ಮಾಡಿ ಅದನ್ನು ತಂದು ವ್ಯಾಯಾಮ ಮರೆತವರನ್ನು ಕಂಡಿದ್ದೇನೆ. ಹಾಗೆಂದು ಮೂಳೆಯ ಬಾಗನ್ನು ಹಗುರವಾಗಿ ಕಾಣುವಂತಿಲ್ಲ. ಕೀಲು ಸವೆತ ಆಗಲೇ ಶುರುವಾದವರಲ್ಲಿ, ಕಾಲು ಬಿಲ್ಲಿನಂತೆ ಹೊರಬಾಗಿದ್ದರೆ ಮೊಣಕಾಲಿನ ಒಳಬದಿಯ ಸವೆತ 18 ತಿಂಗಳಲ್ಲಿ ಮುಂದುವರಿಯುವ ಸಂಭವ ಸುಮಾರು 4 ಪಟ್ಟು ಹೆಚ್ಚೆಂದು 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಅಂಥವರಿಗೆ ತೂಕ ಇಳಿಸುವುದು ದೊಡ್ಡ ಆಸರೆ: ಕೀಲು ಸವೆತವಿರುವ ದಪ್ಪ ಮೈಯವರು 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಹೊರೆ ಸುಮಾರು 4 ಕಿಲೋ ಕಡಿಮೆಯಾಗುತ್ತದೆ.

ಹೊರಡುವಾಗ ಶಾಂತಮ್ಮ ನಾಲ್ಕು ವರ್ಷದ ಮಗಳನ್ನು ಮುಂದೆ ನಿಲ್ಲಿಸಿದರು. "ಇವಳದೂ ನನ್ನ ಹಾಗೇ." ಮಗುವಿನ ಮೊಣಕಾಲುಗಳು ತಾಗುತ್ತಿದ್ದವು, ಪಾದಗಳು ದೂರ ಇದ್ದವು. ಮೂರು ನಾಲ್ಕು ವರ್ಷದಲ್ಲಿ ಬಹುತೇಕ ಮಕ್ಕಳ ಕಾಲು ಹೀಗೇ ಇರುತ್ತದೆ, ಏಳರ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ಒಂದೇ ಕಾಲು ಬಾಗಿದ್ದರೆ, ನೋವಿದ್ದರೆ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ ಮೂಳೆ ವೈದ್ಯರಿಗೆ ತೋರಿಸಬೇಕು. ಆ ತಾಯಿ ಮಗುವಿನ ಮದುವೆಯ ಚಿಂತೆಯನ್ನು ಈಗಲೇ ಹೊತ್ತಿದ್ದರು. ಅದನ್ನು ಇಳಿಸುವುದೂ ಚಿಕಿತ್ಸೆಯೇ ಎಂದು ನಾನು ನಂಬಿದ್ದೇನೆ.

ಶಾಂತಮ್ಮ ಹೊಲಿಗೆ ಬಿಟ್ಟಿಲ್ಲ. ನೋವು ಪೂರ್ತಿ ಹೋಗಿಲ್ಲ, ಕೆಲಸ ಏರಿದ ವಾರಗಳಲ್ಲಿ ಮರುಕಳಿಸುತ್ತದೆ. ಆದರೆ ಈಗ ಗೋಡೆ ಹಿಡಿಯದೆ ಮೆಟ್ಟಿಲಿಳಿಯುತ್ತಾರೆ. ಇದನ್ನು ಓದಿ ವ್ಯಾಯಾಮ ಶುರುಮಾಡುವವರು ಒಂದನ್ನು ಗಮನಿಸಬೇಕು: ಮೊಣಕಾಲು ಊದಿದ್ದರೆ, ಬಿಸಿಯಾಗಿ ಕೆಂಪಗಾಗಿದ್ದರೆ, ಮಡಚಿದ ಕಾಲು ಸಿಕ್ಕಿಕೊಂಡರೆ, ನಡೆಯುವಾಗ ಕಾಲು ಕೈಕೊಟ್ಟರೆ ಅಥವಾ ರಾತ್ರಿ ನೋವಿನಿಂದ ಎಚ್ಚರವಾದರೆ ಮೊದಲು ವೈದ್ಯರ ಬಳಿ ಹೋಗಿ, ವ್ಯಾಯಾಮ ಆಮೇಲೆ.